ಲಿಂದಾಲ್ವಾಳ ತಿಳಿನೀರಿನ ಹಟ

ಕಾಡಿನ ನದಿಯ ದಂಡೆಯ ಬಾರ್ಸೆಲೋಸ್ ಪಟ್ಟಣದಲ್ಲಿ ಮೀನು ಹಿಡಿದು ಬದುಕಿದವರ ಪೈಕಿ ಲಿಂದಾಲ್ವಾಳಷ್ಟು ಚೊಕ್ಕಟದ ಹೆಂಗಸು ಇನ್ನೊಬ್ಬಳಿರಲಿಲ್ಲ ಎಂದು ಬಂದರಿನ ಮೆಟ್ಟಿಲ ಮೇಲೆ ಕೂತವರು ಈಗಲೂ ಹೇಳುತ್ತಾರೆ. ಹೊಗಳಿಕೆಯೆಂದೇ ಹೇಳುತ್ತಾರೆ. ಆ ಚೊಕ್ಕಟತನ ಅವಳ ಮನೆಗೆ ಏನು ಮಾಡಿತು ಎಂಬುದು ಗೊತ್ತಿರುವ ಕೆಲವರು ಮಾತ್ರ ಆ ಮಾತು ಬಂದಾಗ ನದಿಯ ಕಡೆ ಮುಖ ತಿರುಗಿಸುತ್ತಾರೆ.

ಅವಳು ಹಿಡಿಯುತ್ತಿದ್ದದ್ದು ತಿನ್ನುವ ಮೀನಲ್ಲ, ಗಾಜಿನ ತೊಟ್ಟಿಯಲ್ಲಿಟ್ಟು ನೋಡುವ ಮೀನು. ಕಾರ್ಡಿನಲ್. ಬೆರಳಿನ ಎರಡು ಗೆಣ್ಣಿನಷ್ಟು ಉದ್ದ, ಮೈಮೇಲೆ ನೀಲಿ ಗೆರೆ, ಅದರ ಕೆಳಗೆ ತಲೆಯಿಂದ ಬಾಲದವರೆಗೆ ಕೆಂಪು. ನದಿಗೆ ಸೇರುವ ಸಣ್ಣ ಹಳ್ಳಗಳಲ್ಲಿ, ಮುಳುಗಿದ ಮರಗಳ ಬೇರಿನ ಸಂದಿಯಲ್ಲಿ ಅವು ಗುಂಪುಗುಂಪಾಗಿ ನಿಂತಿರುತ್ತವೆ. ಗಂಡ ಅಮಾನ್ಸಿಯು ದೋಣಿಯ ಮುಂದೆ ಕೂತು ಕೈಬಲೆ ಹಿಡಿದರೆ ಲಿಂದಾಲ್ವಾ ಹಿಂದೆ ಕೂತು ಬೋಗುಣಿಗಳನ್ನು ನೋಡಿಕೊಳ್ಳುತ್ತಿದ್ದಳು. ಮದುವೆಯಾದ ವರ್ಷದಿಂದ ಮೊಮ್ಮಕ್ಕಳಾಗುವ ತನಕ ಅವರ ಸಂಸಾರ ನಡೆದದ್ದೇ ಆ ದೋಣಿಯ ಎರಡು ತುದಿಗಳಲ್ಲಿ.

ಬೋಗುಣಿಯ ಕೆಲಸಕ್ಕೆ ಒಂದೇ ಕಟ್ಟಳೆ. ಬೆಳಗಾದ ಕೂಡಲೇ ಹಳೆಯ ನೀರು ಪೂರ್ತಿ ಚೆಲ್ಲಬೇಕು, ಬೋಗುಣಿಯ ಒಳಮೈಗೆ ಹತ್ತಿದ ಲೋಳೆಯನ್ನು ಉಜ್ಜಿ ತೆಗೆಯಬೇಕು, ಹಳ್ಳದ ಹೊಸ ನೀರು ತುಂಬಬೇಕು. ನಮ್ಮ ನದಿಯ ನೀರು ಚಹಾದ ಬಣ್ಣದ್ದು, ಆದರೆ ತಿಳಿ. ಅದು ಸ್ವಲ್ಪ ಕದಡಿದರೂ ಮೀನು ಕೊಳ್ಳುವ ವ್ಯಾಪಾರಿ ಮೂಗು ಮುರಿಯುತ್ತಿದ್ದ. ಅಮಾನ್ಸಿಯುವಂತೂ ಜಗಳಕ್ಕೇ ನಿಲ್ಲುತ್ತಿದ್ದ. "ಏನೇ ಇದು, ಮೀನು ಇಟ್ಟಿದ್ದೀಯೋ ಗಂಜಿ ಕಾಯಿಸ್ತಿದ್ದೀಯೋ?" ಎಂದು ಎಲ್ಲರೆದುರು ಕೂಗುತ್ತಿದ್ದ. ಹೊಸ ಮದುವಣಗಿತ್ತಿ ಒಂದು ಸಲ ಆ ಮಾತು ಕೇಳಿ ಅತ್ತವಳು ಎರಡನೆಯ ಸಲ ಕೇಳದ ಹಾಗೆ ನೋಡಿಕೊಂಡಳು. ಅಲ್ಲಿಂದ ಮುಂದೆ ಕದಡಿದ ನೀರು ಕಂಡರೆ ಅವಳ ಕೈ ತಾನಾಗಿ ಅದನ್ನು ಚೆಲ್ಲುತ್ತಿತ್ತು. ವ್ಯಾಪಾರಿಯ ದೋಣಿ ಬಂದು ಮೀನು ಹೊತ್ತುಕೊಂಡು ಹೋದರೆ ಅವಳ ಕೆಲಸ ಮುಗಿಯಿತು. ಆಮೇಲೆ ಆ ಮೀನು ಯಾವ ದೇಶಕ್ಕೆ ಹೋಯಿತು, ಎಷ್ಟು ದಿನ ಬದುಕಿತು ಎಂದು ಯಾರೂ ಅವಳಿಗೆ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಹೆಚ್ಚೆಂದರೆ ಹದಿನೈದು ದಿನ ಒಂದು ಮೀನನ್ನು ಕಂಡವಳು ಅವಳು.

ಅಮಾನ್ಸಿಯುವಿಗೆ ಲಕ್ವ ಹೊಡೆದದ್ದು ದೋಣಿಯಲ್ಲೇ. ಬಲೆ ಕೈಯಿಂದ ಜಾರಿತು, ಅವನೂ ಅದರ ಹಿಂದೆಯೇ ವಾಲಿದ. ಬಲಗೈ ಬಲಗಾಲು ಬಿದ್ದುಹೋದವು. ಮಾತು ಹೋಗಿ ನಾಲ್ಕಾರು ಶಬ್ದ ಮಾತ್ರ ಉಳಿಯಿತು. ಶಾಲೆಯಲ್ಲಿ ಅಡುಗೆ ಮಾಡುವ ಮಗಳು ಮಾರ್ಲೂಸಿಯಾ ಇಬ್ಬರನ್ನೂ ಪಟ್ಟಣದ ಮೇಲ್ಭಾಗದ ತನ್ನ ಮನೆಗೆ ಕರೆತಂದಳು. ಅಲ್ಲಿಂದ ನದಿ ಕಾಣುವುದಿಲ್ಲ. ಕಿಟಕಿ ತೆಗೆದರೆ ಎದುರು ಮನೆಯ ತಗಡಿನ ಗೋಡೆ.

ಆ ಮನೆಗೆ ಬಂದವನು ಊಟ ಬಿಟ್ಟ. ಮೀನಿನ ಸಾರಿಗೆ ಮರಗೆಣಸಿನ ಹಿಟ್ಟು ಕಲಸಿ ಲಿಂದಾಲ್ವಾ ಬಾಯಿಗೆ ಹಿಡಿದರೆ ಹಲ್ಲು ಕಚ್ಚಿಕೊಳ್ಳುತ್ತಿದ್ದ. ಆರೋಗ್ಯ ಕೇಂದ್ರದ ನರ್ಸು ಬಂದು ಗಂಟಲು ನೋಡಿ ಹೇಳಿದಳು: "ನುಂಗೋಕೆ ಆಗಲ್ಲ ಅಂತಲ್ಲ. ನುಂಗೋ ಮನಸ್ಸಿಲ್ಲ. ಏನಾದ್ರೂ ಮಾಡಿ ಮನಸ್ಸು ತರಿಸಿ. ಇಲ್ಲಾಂದ್ರೆ ಹೆಚ್ಚು ದಿನ ಇಲ್ಲ." ಮನಸ್ಸು ತರಿಸುವುದು ಹೇಗೆಂದು ಮಾತ್ರ ಹೇಳಲಿಲ್ಲ.

ದಾರಿ ತೋರಿಸಿದವನು ಪಕ್ಕದ ಮನೆಯ ಜೋಸಿವಾಲ್ಡೊ. ಪ್ರವಾಸಿಗರ ವಸತಿಗೃಹವೊಂದರಲ್ಲಿ ಗಾಜಿನ ಮೀನಿನ ತೊಟ್ಟಿಗಳನ್ನು ನೋಡಿಕೊಂಡಿದ್ದವನು. ಅದು ಮುಚ್ಚಿದಾಗ ಒಂದು ತೊಟ್ಟಿಯನ್ನು ಹೊತ್ತು ತಂದು ಹಿತ್ತಿಲಲ್ಲಿ ಇಟ್ಟಿದ್ದ. ನಮ್ಮೂರಿನ ಮೀನಿನ ಹಬ್ಬದಲ್ಲಿ ಜನ ಎರಡು ಪಕ್ಷ, ಕಾರ್ಡಿನಲ್ಲಿನವರು ಮತ್ತು ತಟ್ಟೆಯಂತೆ ದುಂಡಗಿನ ಇನ್ನೊಂದು ನೋಡುವ ಮೀನಿನ ಹೆಸರಿನ ತಟ್ಟೆಮೀನಿನವರು. ಹಬ್ಬ ಮುಗಿದರೂ ಪಕ್ಷ ಮುಗಿಯುವುದಿಲ್ಲ. ಜೋಸಿವಾಲ್ಡೊ ಹುಟ್ಟಾ ತಟ್ಟೆಮೀನಿನವನು.

"ನೋಡಿ ಅಕ್ಕ, ನಿಮ್ಮ ಯಜಮಾನರಿಗೆ ಅಂತ ನಮ್ಮ ಪಕ್ಷದ ಮಾನ ಬಿಟ್ಟು ಹೇಳ್ತಿದ್ದೀನಿ," ಎಂದ. "ಈ ತೊಟ್ಟೀನ ಅವರ ಮಂಚದ ಎದುರಿಗೆ ಇಡೋಣ. ಕಾರ್ಡಿನಲ್ಲೇ ಬಿಡೋಣ. ಆದ್ರೆ ಒಂದು ತಿಂಗಳು ತಾಳಬೇಕು."

"ತಿಂಗಳು ಯಾಕಪ್ಪ?"

"ಹೊಸ ತೊಟ್ಟಿ ಹಸಿ. ಈ ಫಿಲ್ಟರಿನ ಸ್ಪಂಜಲ್ಲಿ ಕಣ್ಣಿಗೆ ಕಾಣದ ಜೀವ ಹುಟ್ಟಬೇಕು. ಮೀನಿನ ಕೊಳೆ ವಿಷ ಆಗದ ಹಾಗೆ ಅವೇ ತಿಂದು ಹಾಕೋದು. ಅವು ಹುಟ್ಟೋಕೆ ಮುಂಚೆ ಮೀನು ಬಿಟ್ರೆ ಮೀನಿಗೆ ಉಳಿಗಾಲ ಇಲ್ಲ."

ಲಿಂದಾಲ್ವಾ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಕೊಳೆ ತಿನ್ನೋ ಹುಳ ಸಾಕ್ಬೇಕಾ? ನೀನು ಹುಟ್ಟೋ ಮುಂಚಿಂದ ನಾನು ಕೊಳೆ ತೆಗೆದೇ ಮೀನು ಉಳಿಸಿದೋಳು. ತಿಂಗಳು ತಾಳೋಕೆ ಅವನ ಹೊಟ್ಟೆ ತಾಳ್ಬೇಕಲ್ಲ."

ಅವನು ತೊಟ್ಟಿಯನ್ನು ಹೊತ್ತು ತಂದು ಮಂಚದ ಎದುರಿಗಿಟ್ಟ. ಹಸಿದ ಮನುಷ್ಯ ಒಳಗೆ ಮಲಗಿದ್ದ. ಬಂದರಿನ ಹಳೆಯ ಜೊತೆಗಾರರು ಅಮಾನ್ಸಿಯು ವರ್ಷಾನುಗಟ್ಟಲೆ ಬಲೆ ಹಾಕಿದ ಹಳ್ಳಕ್ಕೇ ಹೋಗಿ ಮೀನು ತಂದುಕೊಟ್ಟರು. ತೊಟ್ಟಿ ತುಂಬಿದ ದಿನವೇ ಮೀನೂ ಬಿಟ್ಟಾಯಿತು.

ಅಮಾನ್ಸಿಯು ಅತ್ತ ತಲೆ ತಿರುಗಿಸಿದ. ಕೆಂಪು ನೀಲಿಯ ಗುಂಪು ಒಮ್ಮೆಲೇ ಬಲಕ್ಕೆ ಹೊರಳಿ ಒಮ್ಮೆಲೇ ಎಡಕ್ಕೆ ಹೊರಳಿತು. ಅವನ ಕಣ್ಣೂ ಹಾಗೇ ಹೊರಳಿತು. ಲಿಂದಾಲ್ವಾ ಸದ್ದಿಲ್ಲದೆ ಚಮಚ ಬಾಯಿಗಿಟ್ಟಳು. ಬಾಯಿ ತೆರೆಯಿತು. ಬಟ್ಟಲು ಖಾಲಿಯಾದ ಮೇಲೆ ಅವಳು ಅಡುಗೆಮನೆಗೆ ಹೋಗಿ ಮಗಳ ಹೆಗಲಿಗೆ ಮುಖ ಒತ್ತಿ ಅತ್ತಳು. ಆ ದಿನದಿಂದ ಅವಳ ಮನಸ್ಸಿನಲ್ಲಿ ಒಂದೇ ಲೆಕ್ಕ: ಮೀನು ಇದ್ದರೆ ಅವನು ಉಣ್ಣುತ್ತಾನೆ, ಮೀನು ಹೋದರೆ ಅವನೂ ಹೋಗುತ್ತಾನೆ.

ಆದ್ದರಿಂದಲೇ ಅವಳು ಮರುದಿನ ಎದ್ದವಳು ತನಗೆ ಗೊತ್ತಿದ್ದ ಕೆಲಸವನ್ನು ಜೀವ ತೇದು ಮಾಡಿದಳು. ಮೀನುಗಳನ್ನು ಬೋಗುಣಿಗೆ ತೆಗೆದಳು. ತೊಟ್ಟಿಯ ನೀರೆಲ್ಲ ಚೆಲ್ಲಿದಳು. ಗಾಜು ಉಜ್ಜಿದಳು. ಫಿಲ್ಟರ್ ಬಿಚ್ಚಿ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು, ಹಿಂಡಿದ ನೀರು ತಿಳಿಯಾಗಿ ಬರುವ ತನಕ ಹಿಂಡಿದಳು. ನಲ್ಲಿಯ ನೀರನ್ನೇ ತುಂಬಿ ಮೀನು ಬಿಟ್ಟಳು. ಹಳ್ಳದ ಪಕ್ಕದಲ್ಲಿ ಕೂತು ಹಳ್ಳದ ನೀರನ್ನೇ ಬದಲಿಸಿದವಳಿಗೆ ಶುದ್ಧಿಗೆಂದು ಕ್ಲೋರಿನ್ ಔಷಧಿ ಹಾಕಿದ ಪಟ್ಟಣದ ನೀರು ಮೀನಿಗೆ ಬೇರೆಯೇ ಲೋಕ ಎಂದು ಹೊಳೆಯಲಿಲ್ಲ. ಜನ ಕುಡಿಯುವ ನೀರು ಮೀನಿಗೆ ಸಾಲದೇ ಎಂದುಕೊಂಡಳು. ದಿನಾ ಹೀಗೇ ಮಾಡಿದಳು.

ಮೀನು ಸಾಯತೊಡಗಿದವು. ಮೊದಲು ಒಂದು, ಆಮೇಲೆ ಬೆಳಗಾದರೆ ಎರಡು ಮೂರು. ಉಳಿದವು ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ಮಾರ್ಲೂಸಿಯಾ ಅಪ್ಪನನ್ನು ಹಿಂದಿನ ಜಗಲಿಗೆ ಎತ್ತಿಕೊಂಡು ಹೋಗಿ ಸ್ನಾನ ಮಾಡಿಸುವ ಹೊತ್ತಿನಲ್ಲಿ ಲಿಂದಾಲ್ವಾ ಸತ್ತವನ್ನು ತೆಗೆದು, ಬಂದರಿನಿಂದ ಬೇಡಿ ತಂದ ಹೊಸ ಮೀನು ಬಿಡುತ್ತಿದ್ದಳು. ಜೊತೆಗಾರರು ಇಲ್ಲವೆನ್ನಲಿಲ್ಲ. ಆದರೆ ಮಳೆ ಹಿಡಿದಿತ್ತು, ಹಳ್ಳಗಳು ಕಾಡಿಗೆ ಹರಡಿ ಮೀನು ಚದುರುತ್ತಿತ್ತು. ಅವರು ಎಲ್ಲೆಲ್ಲಿಂದಲೋ ಹುಡುಕಿ ತಂದದ್ದನ್ನು ಇವಳು ತಂದು ತೊಟ್ಟಿಗೆ ಹಾಕುತ್ತಿದ್ದಳು.

ಒಂದು ದಿನ ಜೋಸಿವಾಲ್ಡೊ ಬಂದವನು ಅವಳು ನಲ್ಲಿಯ ಕೆಳಗೆ ಸ್ಪಂಜು ಹಿಂಡುವುದನ್ನು ಕಂಡು ತಲೆ ಹಿಡಿದುಕೊಂಡು ಕೂತ.

"ಅಕ್ಕ, ನಿಮಗೆ ಕೈ ಮುಗೀತೀನಿ. ಆ ಸ್ಪಂಜಲ್ಲೇ ಅಲ್ವಾ ಜೀವ ಹುಟ್ಬೇಕಾಗಿರೋದು. ನೀವು ದಿನಾ ಕೊಲ್ತಿದ್ದೀರ."

"ಗೊಬ್ಬರದ ಹಾಗೆ ಲೋಳೆ ಕೂತಿತ್ತು ಕಣಪ್ಪ."

"ಆ ಲೋಳೆನೇ ಬೇಕಾಗಿರೋದು. ಕೇಳಿ. ವಾರಕ್ಕೊಂದ್ಸಲ ನೀರು ಐದರಲ್ಲಿ ಒಂದು ಪಾಲು ಮಾತ್ರ ತೆಗೀರಿ. ಹೊಸ ನೀರು ಹಿಂದಿನ ದಿನವೇ ಡ್ರಮ್ಮಿಗೆ ಹಿಡಿದು ತೆರೆದಿಟ್ಟಿರಿ, ಔಷಧಿ ಹೋಗ್ಲಿ. ಸ್ಪಂಜನ್ನ ತೊಟ್ಟಿಯಿಂದ ತೆಗೆದ ನೀರಲ್ಲೇ ಒಂದು ಸಲ ಅದ್ದಿ ತೆಗೀರಿ, ಅದೂ ನೀರು ಹರಿಯೋದು ಕಮ್ಮಿ ಆದಾಗ. ಮೀನಿನ ಕಾಳು ಚಿಟಿಕೆಯಷ್ಟು ಹಾಕಿ. ಮಿಕ್ಕ ಹೊತ್ತು ಕೈ ಕಟ್ಕೊಂಡು ಕೂತಿರಿ."

"ಕೈ ಕಟ್ಕೊಂಡು ಕೂತಿರೋದು ನಿಮ್ಮ ತಟ್ಟೆಮೀನಿನವರಿಗೆ ಅಭ್ಯಾಸ."

"ಅದಕ್ಕೇ ನಮ್ಮ ಮೀನು ಬದುಕಿದಾವೆ," ಎಂದ ಅವನು. ನಗಲಿಲ್ಲ.

ಅವಳು ಒಪ್ಪಿದಳು. ಗಂಡನ ಮೇಲೆ ಆಣೆ ಇಟ್ಟೇ ಒಪ್ಪಿದಳು. ಕೆಲವು ದಿನ ಅವನು ಹೇಳಿದ ಹಾಗೇ ನಡೆದುಕೊಂಡಳು. ಸಾವು ಕಡಿಮೆಯಾಯಿತು. ಆದರೆ ಹೊಸ ತೊಟ್ಟಿಗಳಲ್ಲಿ ಆಗುವಂತೆ ನೀರು ಹಾಲು ಬೆರೆಸಿದಂತೆ ಬೆಳ್ಳಗಾಯಿತು. ಅದು ತಾನಾಗಿ ತಿಳಿಯಾಗುತ್ತದೆ, ಮುಟ್ಟಬೇಡಿ ಎಂದು ಜೋಸಿವಾಲ್ಡೊ ಬೇಲಿಯಾಚೆಯಿಂದ ದಿನಾ ಕೂಗಿ ಹೇಳುತ್ತಿದ್ದ.

ಮುಟ್ಟದೆ ಇರುವುದು ಅವಳಿಂದ ಆಗಲಿಲ್ಲ. ಆ ಬಿಳಿ ನೀರಿನೊಳಗೆ ಮೀನು ಮಸುಕಾಗಿ ಕಾಣುತ್ತಿದ್ದವು. ಅಮಾನ್ಸಿಯು ಅದನ್ನೇ ನೋಡುತ್ತ ಹುಬ್ಬು ಗಂಟಿಕ್ಕಿದ್ದ. ಬಾಯಿದ್ದಿದ್ದರೆ ಗಂಜಿ ಕಾಯಿಸುತ್ತಿದ್ದೀಯೇನೇ ಎಂದು ಕೂಗುತ್ತಿದ್ದ ಎಂದೇ ಅವಳಿಗೆ ಅನ್ನಿಸಿತು. ಕೂಗಲಾರದವನ ಕಣ್ಣೆದುರು ಕದಡಿದ ನೀರು ಇಡುವುದೆಂದರೆ ಬಿದ್ದವನನ್ನು ಹಂಗಿಸಿದ ಹಾಗೆ. ಮಾರ್ಲೂಸಿಯಾ ಶಾಲೆಗೆ ಹೋದ ಹೊತ್ತು ನೋಡಿ ಅವಳು ತೊಟ್ಟಿಯನ್ನು ಪೂರ್ತಿ ಬರಿದು ಮಾಡಿ, ಸ್ಪಂಜನ್ನು ನಲ್ಲಿಯ ಕೆಳಗೆ ಚೆನ್ನಾಗಿ ತೊಳೆದು, ಹೊಸ ನೀರು ತುಂಬಿದಳು. ತೊಟ್ಟಿ ಫಳಫಳ ಹೊಳೆಯಿತು. ಬಹಳ ದಿನದ ಮೇಲೆ ಅವಳಿಗೆ ತಾನೊಂದು ಕೆಲಸ ಸರಿಯಾಗಿ ಮಾಡಿದೆ ಅನ್ನಿಸಿತು.

ಎರಡು ದಿನದಲ್ಲಿ ಅರ್ಧಕ್ಕರ್ಧ ಮೀನು ಸತ್ತವು. ಬಂದರಿಗೆ ಓಡಿ ಸಿಕ್ಕಷ್ಟನ್ನು ತಂದು ಬಿಟ್ಟಳು. ಅವು ದೂರದ ಬೇರೊಂದು ಹಳ್ಳದವು. ಅಲ್ಲಿನ ಕಾರ್ಡಿನಲ್ಲಿಗೆ ನೀಲಿ ಗೆರೆ ಸ್ವಲ್ಪ ಮೋಟು. ಪಟ್ಟಣದವರಿಗೆ ಅದು ಕಾಣುವುದಿಲ್ಲ.

ಸ್ನಾನ ಮುಗಿಸಿ ಮಂಚಕ್ಕೆ ಬಂದ ಅಮಾನ್ಸಿಯು ತೊಟ್ಟಿ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿ, ನಾಲಿಗೆಯನ್ನು ಎಳೆದೆಳೆದು, "ಬೇರೆ," ಎಂದ.

"ಏನು ಬೇರೆ? ಅವೇ ಮೀನು. ಹೊಟ್ಟೆ ತುಂಬ ತಿಂದು ದಪ್ಪ ಆಗಿದಾವೆ ಅಷ್ಟೆ," ಎಂದಳು ಲಿಂದಾಲ್ವಾ.

ಅವನು ಅವಳ ಕೈಯನ್ನು ತನ್ನ ಎಡಗೈಯಿಂದ ಹಿಡಿದುಕೊಂಡ. ಬೈಯುವ ಹಿಡಿತವಲ್ಲ ಅದು. ಎಷ್ಟು ಸತ್ತವು, ಅವಳು ಎಷ್ಟು ಸಲ ಬಂದರಿಗೆ ಓಡಿದಳು, ಎಲ್ಲ ಗೊತ್ತು ಎನ್ನುವ ಹಿಡಿತ. ಆ ಕೈಯನ್ನೇ ಎತ್ತಿ ತೊಟ್ಟಿಯೊಳಗಿನ ಮೀನುಗಳನ್ನು ತೋರಿಸಿದ. ಆಮೇಲೆ ಕಿಟಕಿಯಾಚೆ ನದಿಯಿರುವ ದಿಕ್ಕನ್ನು ತೋರಿಸಿದ. "ಬಿಡು," ಎಂದ. "ಮೀನು. ಬಿಡು."

ಬಾಗಿಲಲ್ಲಿ ನಿಂತಿದ್ದ ಮಾರ್ಲೂಸಿಯಾ ಹೇಳಿದಳು: "ಅಮ್ಮ, ಅಪ್ಪ ಅಷ್ಟು ಬಾಯಿ ಬಿಟ್ಟು ಕೇಳ್ತಿದ್ದಾರೆ. ಬಿಟ್ಟು ಬರೋಣ ನಡಿ. ದೋಣಿ ಕೇಳಿದ್ರೆ ಯಾರಾದ್ರೂ ಕೊಡ್ತಾರೆ."

"ಬಿಟ್ರೆ ನಾಳೆ ಊಟ ಮಾಡ್ತಾನಾ ಅವನು? ನೀನು ಮಾಡಿಸ್ತೀಯಾ?"

"ಆದ್ರೆ ಅವರೇ ಹೇಳ್ತಿರೋದಲ್ವಾ..."

"ನಾಳೆ ಬಿಡ್ತೀನಿ. ಇವತ್ತು ಸಾರು ಕುಡೀಲಿ." ಅವಳು ಗಂಡನ ಕಡೆ ತಿರುಗಿದಳು. "ಕೇಳಿಸ್ತೇನೋ ಮುದುಕ? ನಾಳೆ ಬಿಡ್ತೀನಿ. ಈಗ ಬಾಯಿ ತೆಗಿ."

ಅವನು ಬಾಯಿ ತೆರೆದ. ಅವಳ ಮಾತು ನಂಬಿ ತೆರೆದ. ಮರುದಿನವೂ ಅವಳು ನಾಳೆ ಎಂದಳು. ಅದರ ಮರುದಿನವೂ. ಪ್ರತಿ ಸಲ ಅವನು ಬಾಯಿ ತೆರೆಯುತ್ತಿದ್ದ, ಅವಳು ಚಮಚ ಇಡುತ್ತಿದ್ದಳು. ಅಷ್ಟು ಹೊತ್ತಿಗೆ ಮರಿಯಾಗುವ ಕಾಲವೆಂದು ಮೀನು ಹಿಡಿಯಬಾರದ ತಿಂಗಳುಗಳೂ ಬಂದವು. ಬಂದರಿನಲ್ಲಿ ಒಂದು ಕಾರ್ಡಿನಲ್ಲೂ ಇಲ್ಲ. ತೊಟ್ಟಿಯಲ್ಲಿ ಉಳಿದವು ಒಂದೊಂದಾಗಿ ಕರಗಿದವು, ಕೊನೆಗೆ ಒಂದೇ ಒಂದು ಉಳಿಯಿತು. ಅದು ಜೊತೆಯಿಲ್ಲದೆ ಗಾಜಿನ ಮೂಲೆಗೆ ಅಂಟಿಕೊಂಡಿರುತ್ತಿತ್ತು.

ಒಂದು ಮಧ್ಯಾಹ್ನ ಅವಳು ಸಾರಿನ ಬಟ್ಟಲು ಹಿಡಿದು ಕೂತಿದ್ದಾಗ ಮೀನು ಮೂಲೆ ಬಿಟ್ಟು ಮೇಲೆ ಬಂತು. ಎರಡು ಸುತ್ತು ಓರೆಯಾಗಿ ಈಜಿತು. ಫಿಲ್ಟರ್ ನೀರು ಎಳೆಯುವ ಕಡೆ ಸರಿದು ಅಲ್ಲಿಯ ಜಾಲರಿಗೆ ಮಗುಚಿಕೊಂಡು ನಿಂತಿತು. ಕೆಂಪು ಮಾಸುವುದನ್ನು ಅಮಾನ್ಸಿಯು ರೆಪ್ಪೆ ಬಡಿಯದೆ ನೋಡಿದ. ಲಿಂದಾಲ್ವಾ ತೊಟ್ಟಿಗೆ ಅಡ್ಡವಾಗಿ ಬಂದು ನಿಂತಳು. ತಡವಾಗಿತ್ತು. ಅವಳು ಚಮಚ ಹಿಡಿದರೆ ಅವನ ತುಟಿ ಬಿಗಿದಿತ್ತು.

"ಇನ್ನೊಂದು ತರ್ತೀನಿ ಕಣೋ. ನೀರು ಇಳೀಲಿ, ರಾಶಿ ತರ್ತೀನಿ," ಎಂದಳು.

ಅವನು ಎಡಗೈಯಿಂದ ಮಂಚದ ಪಟ್ಟಿ ಹಿಡಿದು, ಬಿದ್ದುಹೋದ ಅರ್ಧ ಮೈಯನ್ನು ಎಳೆಯುತ್ತ, ಗೋಡೆಯ ಕಡೆ ಹೊರಳತೊಡಗಿದ. ಮಗಳು ಹಿಡಿಯಲು ಹೋದರೆ ಮೊಣಕೈಯಿಂದ ತಳ್ಳಿದ. ಏದುಸಿರು ಬಿಡುತ್ತ ತಾನೇ ಹೊರಳಿ ಮುಗಿಸಿದ. ಹೆಂಡತಿಯೊಡನೆ ಅವನು ಮತ್ತೆ ಮಾತಾಡಲಿಲ್ಲ.

ಅಲ್ಲಿಂದ ಮುಂದೆ ಅವನು ಬದುಕಿದ್ದು ಮಗಳು ಗದರಿಸಿ ಗಂಟಲಿಗೆ ಬಿಟ್ಟ ಗಂಜಿನೀರಿನಿಂದ. ಲಿಂದಾಲ್ವಾ ಹತ್ತಿರ ಬಂದರೆ ಕಣ್ಣು ಮುಚ್ಚುತ್ತಿದ್ದ. ಅವಳು ತೊಟ್ಟಿಯನ್ನು ಒಡೆದು ಹಾಕು ಎಂದು ಜೋಸಿವಾಲ್ಡೊಗೆ ಹೇಳಿದಳು. ಅವನು ಒಡೆಯಲಿಲ್ಲ. ಫಿಲ್ಟರ್ ಓಡುವುದಕ್ಕೆ ಬಿಟ್ಟು, ಮೀನಿಲ್ಲದ ನೀರಿಗೆ ದಿನಾ ಬಂದು ಚಿಟಿಕೆ ಕಾಳು ಹಾಕಿ ಹೋಗುತ್ತಿದ್ದ.

"ಯಾರಿಗಪ್ಪ ಊಟ ಹಾಕ್ತೀಯ? ದೆವ್ವಕ್ಕಾ?" ಎಂದಳು.

"ಕಾಳು ಕೊಳೀಬೇಕು ಅಕ್ಕ. ಆಗ ಸ್ಪಂಜಲ್ಲಿ ಜೀವ ಕಟ್ಟುತ್ತೆ. ನೀವು ಮಾತ್ರ ಮುಟ್ಟಬೇಡಿ."

ಅವಳು ಮುಟ್ಟಲಿಲ್ಲ. ಮುಟ್ಟುವ ಮನಸ್ಸೇ ಸತ್ತಿತ್ತು. ಗಾಜಿಗೆ ಕಂದು ಹತ್ತಿತು, ಸ್ಪಂಜಿಗೆ ಲೋಳೆ ಕಟ್ಟಿತು, ಅವಳು ನೋಡಿಯೂ ನೋಡದವಳಂತೆ ಇದ್ದಳು. ನದಿ ಇಳಿಯತೊಡಗಿದಾಗ ಜೋಸಿವಾಲ್ಡೊ ಸಣ್ಣ ಗಾಜಿನ ನಳಿಗೆಯಲ್ಲಿ ನೀರು ಹಿಡಿದು, ವಿಷ ಪರೀಕ್ಷಿಸುವ ಹನಿ ಬಿಟ್ಟು, ಬೆಳಕಿಗೆ ತಿರುಗಿಸಿ ಬಣ್ಣ ನೋಡಿದ. "ವಿಷ ಇಲ್ಲ. ಈಗ ಬಿಡಿ ಮೀನು," ಎಂದ.

ಬಂದರಿಗೆ ಮೊದಲ ದೋಣಿಗಳು ಬಂದಿದ್ದವು. ಅವಳು ಕಾರ್ಡಿನಲ್ ತಂದು ಬಿಟ್ಟಳು. ಒಂದು ವಾರ ಕಾದಳು. ಒಂದೂ ಸಾಯಲಿಲ್ಲ. ಮಂಚದ ಪಕ್ಕ ಮಂಡಿಯೂರಿ ಗಂಡನ ಬೆನ್ನಿಗೆ ಹೇಳಿದಳು: "ಏ ಮುದುಕ, ತಿರುಗಿ ನೋಡೋ. ಎಲ್ಲ ಬದುಕಿದಾವೆ. ನಿನ್ನ ಹಳ್ಳದವೇ. ಒಂದು ಸಲ ನೋಡು, ನಾಳೆನೇ ಬಿಟ್ಟು ಬರ್ತೀನಿ."

ನಾಳೆ ಎಂಬ ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೆ ತಾನೇನು ಹೇಳಿದೆನೆಂದು ಕೇಳಿಸಿತು. ಅಮಾನ್ಸಿಯು ಅಲುಗಲಿಲ್ಲ. ಆ ತಿಂಗಳು ಮುಗಿಯುವ ಮೊದಲೇ ಅವನು ಗೋಡೆಗೆ ಮುಖವಿಟ್ಟುಕೊಂಡೇ ಹೋದ. ಅವನ ಬೆನ್ನ ಹಿಂದೆ ಮೀನು ಬಲಕ್ಕೆ ಹೊರಳಿ ಎಡಕ್ಕೆ ಹೊರಳುತ್ತಿದ್ದವು.

ಮಣ್ಣು ಮಾಡಿ ಬಂದ ವಾರ ಅವಳು ಬೋಗುಣಿ ತೆಗೆದುಕೊಂಡು ತೊಟ್ಟಿಯ ಎದುರು ನಿಂತಳು. ಜೋಸಿವಾಲ್ಡೊ ಬೇಲಿ ದಾಟಿ ಬಂದ.

"ಏನು ಮಾಡ್ತಿದ್ದೀರ ಅಕ್ಕ?"

"ಹಳ್ಳಕ್ಕೆ ಬಿಟ್ಟು ಬರ್ತೀನಿ. ಅವನು ಕೇಳಿದ್ದು ಅದೊಂದೇ."

ಅವನು ಬೋಗುಣಿಯ ಅಂಚು ಹಿಡಿದುಕೊಂಡ. ಆಮೇಲೆ ಮೆಲ್ಲಗೆ ಹೇಳಿದ: "ಬಿಡಬಾರದು ಅಕ್ಕ. ಇದೇ ತೊಟ್ಟೀಲಿ ಎಷ್ಟು ಮೀನು ಸತ್ತವು ನೋಡಿದ್ದೀರಲ್ಲ. ಅದೂ ಅಲ್ದೆ ಇದು ವಸತಿಗೃಹದಲ್ಲಿ ಎಲ್ಲೆಲ್ಲಿಯ ಮೀನೋ ಇದ್ದ ತೊಟ್ಟಿ. ಇದರ ರೋಗ ಹಳ್ಳಕ್ಕೆ ಹೋದ್ರೆ ಅಲ್ಲಿರೋವೂ ಉಳಿಯಲ್ಲ. ತೊಟ್ಟಿಗೆ ಬಿದ್ದ ಮೀನು ತೊಟ್ಟೀಲೇ ಇರಬೇಕು."

"ಆವತ್ತು ಬಿಟ್ಟಿದ್ರೆ?"

"ಆವತ್ತೂ ಅಷ್ಟೇ," ಎಂದ. ಅವಳ ಸಮಾಧಾನಕ್ಕೆ ಹೇಳಿದನೋ, ನಿಜವೇ ಅದೋ, ಅವನ ಮುಖ ನೋಡಿದರೆ ತಿಳಿಯುವಂತಿರಲಿಲ್ಲ. ಆದರೆ ಆವತ್ತು ಅವಳು ದೋಣಿಯಿಂದ ಮರಳಿ, ಮೀನು ಬಿಟ್ಟು ಬಂದೆ ಎಂದರೆ ಕೇಳುವುದಕ್ಕೆ ಅಮಾನ್ಸಿಯು ಇದ್ದ. ಹೇಳಿದ್ದರೆ ಅವನು ಊಟ ಮಾಡುತ್ತಿದ್ದನೋ ಇಲ್ಲವೋ, ಗೋಡೆಯ ಕಡೆ ತಿರುಗುತ್ತಿರಲಿಲ್ಲ. ಅಷ್ಟು ಅವಳಿಗೆ ಗೊತ್ತಿತ್ತು.

"ಇವು ಎಷ್ಟು ದಿನ ಬದುಕ್ತವೆ?" ಎಂದು ಕೇಳಿದಳು. ಜನ್ಮದಲ್ಲಿ ಮೊದಲ ಸಲ ಕೇಳಿದಳು.

"ಹಳ್ಳದಲ್ಲಾದ್ರೆ ವರ್ಷ ದಾಟೋದೇ ಕಷ್ಟ. ಇಲ್ಲಿ ಚೆನ್ನಾಗಿ ನೋಡಿಕೊಂಡ್ರೆ ನಾಲ್ಕು ವರ್ಷ, ಐದು ವರ್ಷ."

ಲಿಂದಾಲ್ವಾ ಬೋಗುಣಿಯನ್ನು ಕೆಳಗಿಟ್ಟು ಖಾಲಿ ಮಂಚದ ಮೇಲೆ ಕೂತಳು. ಐದು ವರ್ಷವೂ ಇವು ಇಲ್ಲಿಯೇ ಇರುತ್ತವೆ, ಇವನ್ನು ನೋಡಿಕೊಂಡು ತಾನೂ ಇಲ್ಲಿಯೇ ಇರಬೇಕು ಎಂದು ಎದೆ ಒಡೆಯುವಷ್ಟು ದುಃಖ ಬಂತು. ಮುಂಗೈ ಕಚ್ಚಿಕೊಂಡು ಅತ್ತಳು.

ಈಗ ಶನಿವಾರ ಬಂದರೆ ಅವಳು ಡ್ರಮ್ಮಿನಲ್ಲಿ ಹಿಂದಿನ ದಿನದ ನೀರು ಇಟ್ಟಿರುತ್ತಾಳೆ. ಐದರಲ್ಲಿ ಒಂದು ಪಾಲು ತೆಗೆದು, ಆ ನೀರಿನಲ್ಲೇ ಸ್ಪಂಜನ್ನು ಒಮ್ಮೆ ಅದ್ದಿ, ಲೋಳೆ ಉಳಿಸಿ ಮತ್ತೆ ಇಡುತ್ತಾಳೆ. ಒಂದು ತಪ್ಪೂ ಮಾಡುವುದಿಲ್ಲ. ಬಂದವರು ನೀರೆಷ್ಟು ತಿಳಿಯಾಗಿದೆ ಎಂದು ಮೆಚ್ಚಿದರೆ ಎದ್ದು ಒಳಗೆ ಹೋಗುತ್ತಾಳೆ. ಮೀನುಗಳು ಚೆನ್ನಾಗಿವೆ, ಈವರೆಗೆ ಒಂದೂ ಸತ್ತಿಲ್ಲ.